ಮೂರನೇ ಪುಸ್ತಕದ ಅಂಟಿಸಿದ ಹಾಳೆ

ಹದಿನಾಲ್ಕನೇ ತಾರೀಕು, ಭಾನುವಾರ ಬೆಳಗ್ಗೆ

ಪುಟ್ಟಕ್ಕಾ,

ನೀನು ಚೆನ್ನಾಗಿದ್ದೀಯೆಂದೂ ಅಳಿಯಂದಿರ ಸೊಂಟನೋವು ಇಳಿದಿದೆಯೆಂದೂ ನಂಬಿಕೊಂಡು ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಐದು ವಾರವಾಯಿತು. ಕನ್ನಡಕದ ಪೆಟ್ಟಿಗೆಯ ಕೆಳಗಿಟ್ಟುಕೊಂಡು ದಿನಾ ನೋಡುತ್ತಿದ್ದೆ, ಉತ್ತರ ಮಾತ್ರ ಬರೆಯಲಿಲ್ಲ. ಬೈಯುವುದಿದ್ದರೆ ಇದನ್ನು ಪೂರ್ತಿ ಓದಿದ ಮೇಲೆ ಬೈ.

ನಿನ್ನ ಕಾಗದ ಓದಿ ಮೊದಲು ನಗು ಬಂದಿತ್ತು. ಮನೆಗೆ ಬಣ್ಣ ಹೊಡೆಸಿದ್ದೀರಿ, 'ಬೇಕಾದರೆ ಇವರನ್ನೇ ಕೇಳಿ'. ದಿನಾ ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀಯ, 'ಬೇಕಾದರೆ ಇವರನ್ನೇ ಕೇಳಿ'. ಎರಡು ಪುಟದಲ್ಲಿ ನಾಲ್ಕು ಸಲ. ಮಂಡಿಗೆ ಎಣ್ಣೆ ಹಚ್ಚುವುದಕ್ಕೂ ಸಾಕ್ಷಿ ಏಕೆ ಮಾರಾಯ್ತಿ ಎಂದುಕೊಂಡೆ.

ತಡವಾದದ್ದಕ್ಕೆ ನಮ್ಮ ಸೇವಾ ಸಂಘ ಕಾರಣ. ಅದಕ್ಕೀಗ ಐವತ್ತು ವರ್ಷ. ಫೋಟೋ ಸ್ಟುಡಿಯೋದ ಹುಡುಗಿ ಈಗ ಅಧ್ಯಕ್ಷೆ. ಅವಳು ಮನೆಗೇ ಬಂದು, "ಬೈಂಡರ್ ಅಂಕಲ್, ಸಂಘದ ಚರಿತ್ರೆ ನೀವೇ ಬರೀಬೇಕು. ಮೊದಲಿನವರಲ್ಲಿ ಉಳಿದಿರೋದು ನೀವು, ಗಡಿಯಾರದ ಮಾಮ, ಇಬ್ರೇ" ಎಂದಳು. ಜೀವನವಿಡೀ ಬೇರೆಯವರು ಬರೆದದ್ದನ್ನು ಹೊಲಿದವನು ನಾನು. ಒಂದು ಸಲ ನಾನೂ ಬರೆಯೋಣ ಎಂದು ಉಬ್ಬಿಹೋಗಿ ಒಪ್ಪಿಕೊಂಡೆ.

ಮೊದಲ ಅಧ್ಯಾಯ ಸಲೀಸಾಗಿ ಬಂತು. ಹಳ್ಳಕ್ಕೆ ಬಸ್ಸು ಮಗುಚಿ, ಗಾಯಾಳುಗಳನ್ನು ಸಾಗಿಸಲು ಗಾಡಿಯಿಲ್ಲದೆ ಊರು ಒದ್ದಾಡಿದ ವರ್ಷ ಅದು. ಹೆಡ್‌ಮೇಷ್ಟ್ರು ಆರು ಜನರನ್ನು ಸೇರಿಸಿದರು. ಬೇಕರಿಯವರು ತಮ್ಮ ಹಳೆಯ ವ್ಯಾನನ್ನು ಹಾಗೇ ಕೊಟ್ಟರು. ಎಷ್ಟು ತೊಳೆದರೂ ಬ್ರೆಡ್ಡಿನ ವಾಸನೆ ಹೋಗದ ಆ ವ್ಯಾನಿನಲ್ಲಿ ಎಷ್ಟು ಜನರನ್ನು ಆಸ್ಪತ್ರೆಗೆ ಮುಟ್ಟಿಸಿದೆವೋ ಲೆಕ್ಕವಿಲ್ಲ. ಸೈಕಲ್ ಅಂಗಡಿಯ ಮಹಡಿಯೇ ಸಂಘದ ಕೋಣೆ. ಅಲ್ಲಿನ ಹಲಗೆ ನಿನಗೆ ನೆನಪಿರಬೇಕು. ಒಬ್ಬೊಬ್ಬರಿಗೂ ಹೆಸರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. 'ಇಂದು' ಎಂಬ ಮೊಳೆಯಲ್ಲಿ ಯಾರ ಬಿಲ್ಲೆ ತೂಗುತ್ತದೋ ಆ ದಿನ ವ್ಯಾನು ಅವನದು. ಆಗದಿದ್ದರೆ ತನ್ನದನ್ನು ತೆಗೆದು ಇನ್ನೊಬ್ಬನ ಬಿಲ್ಲೆ ಹಾಕಿಬಿಡಬಹುದು. ಏಕೆಂದು ಕೇಳುವಂತಿಲ್ಲ, ಒಲ್ಲೆ ಎನ್ನುವಂತಿಲ್ಲ. ಅದು ನಮ್ಮ ದೊಡ್ಡಸ್ತಿಕೆ. ಬೇರೆ ಊರಿನ ಸಂಘಗಳವರ ಮುಂದೆ ಅದನ್ನು ಹೇಳಿ ಎದೆಯುಬ್ಬಿಸುತ್ತಿದ್ದೆವು.

ನಡಾವಳಿ ಪುಸ್ತಕಗಳೆಲ್ಲ ಆಗಿನ ಕಾರ್ಯದರ್ಶಿ ಗಡಿಯಾರದ ಮಾಮನ ಹತ್ತಿರ ಇದ್ದವು. ಅಲ್ಲಿಂದ ನನ್ನ ತಲೆಗೆ ಹುಳ ಹೊಕ್ಕಿತು. ಒಂದು, ಎರಡು ಕೊಟ್ಟ. ಆಮೇಲೆ ನಾಲ್ಕು ಕೊಟ್ಟ. "ಮೂರು ಎಲ್ಲಯ್ಯಾ?" ಎಂದರೆ, "ಅದು ಗೆದ್ದಲು ತಿಂತು" ಎಂದ. ನಾನು ಕಟ್ಟಿದ ಪುಸ್ತಕವನ್ನು ಗೆದ್ದಲು ಮೂಸಿಯೂ ನೋಡುವುದಿಲ್ಲ. ಅಂಟಿಗೆ ಮೈಲುತುತ್ತ ಹಾಕುತ್ತೇನೆಂದು ಅವನಿಗೂ ಗೊತ್ತು. ಮಾರನೆಯ ದಿನದಿಂದ ಏನಾದರೊಂದು ನೆಪ ಮಾಡಿ ಮನೆಗೆ ಬರತೊಡಗಿದ. ಕೂರುವ ಮೊದಲೇ, "ಎಲ್ಲಿಗೆ ಬಂತು ಬರವಣಿಗೆ?" ಎನ್ನುತ್ತಿದ್ದ. ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಮೇಜಿನ ಹಾಳೆಗಳು ಜರುಗಿರುತ್ತಿದ್ದವು. ಬಾಗಿಲ ಸಂದಿಯಿಂದ ನೋಡಿದೆ. ನನ್ನದೇ ಕನ್ನಡಕ ಹಾಕಿಕೊಂಡು ಓದುತ್ತಿದ್ದ.

ಅಧ್ಯಕ್ಷೆಗೆ ಹೇಳಿದೆ. ಅವಳು ಸಂಘದ ಬೀರು ತಡಕಿ, ಹಳೆಯ ಶೀಲ್ಡಿನ ಹಿಂದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮೂರನೇ ಪುಸ್ತಕವನ್ನು ತಂದುಕೊಟ್ಟಳು. ನಾನು ಓದಲಿಲ್ಲ, ಮೊದಲು ಹೊಲಿಗೆ ಎಣಿಸಿದೆ. ಕಂತೆಗೆ ಎಂಟು ಹಾಳೆಯಂತೆ ಹೊಲಿದದ್ದು ನಾನೇ. ಐದನೇ ಕಂತೆಯಲ್ಲಿ ಒಂದು ಹಾಳೆ ದಾರಕ್ಕೆ ಸಿಕ್ಕಿರಲಿಲ್ಲ. ಯಾರೋ ಹಳೆಯದನ್ನು ಕತ್ತರಿಸಿ, ಸೀಸೆಯ ಗೋಂದಿನಲ್ಲಿ ಹೊಸದನ್ನು ಅಂಟಿಸಿದ್ದರು. ಹುಳು ಆ ಗೋಂದನ್ನಷ್ಟೇ ತಿಂದಿತ್ತು. ತಾರೀಕು ನೋಡಿದೆ. ನಿನ್ನ ಅಮ್ಮ ಹೋದ ದಿನ.

ಮಾಮನ ಕೈಬರಹದಲ್ಲಿ ಒಂದೇ ಸಾಲು: 'ವ್ಯಾನು ದುರಸ್ತಿಗೆ ಹೋಗಿದ್ದರಿಂದ ಇಂದು ಸೇವೆ ಇರಲಿಲ್ಲ.' ಆಗ ನನಗೆ ಹೇಳಿದ್ದೂ ಅದನ್ನೇ. ಅವನೇ ವ್ಯಾನು ತೆಗೆದುಕೊಂಡು ಎಲ್ಲಿಗೋ ಹೋಗಿದ್ದನೆ? ನೆರೆಯವರು ನನ್ನ ಹೆಂಡತಿಯನ್ನು ಕೈಗಾಡಿಯಲ್ಲಿ ಆಸ್ಪತ್ರೆಗೆ ತಳ್ಳಿಕೊಂಡು ಹೋಗುವಾಗ ಇವನು ಎಲ್ಲಿದ್ದ? ಐವತ್ತು ವರ್ಷದ ಸ್ನೇಹ ಕಣ್ಣೆದುರೇ ಹುಳಿಯಾಯಿತು.

ಪುಸ್ತಕ ಹಿಡಿದು ಅವನ ಅಂಗಡಿಗೆ ಹೋದೆ. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದ. ಪುಸ್ತಕ ನೋಡಿದವನೇ ಬಾಗಿಲು ಮುಂದೆ ಮಾಡಿದ.

"ಅವತ್ತು ನಿನ್ನ ಸರದಿ ಕಣೋ" ಎಂದ.

"ನನಗೆ ಗೊತ್ತಿಲ್ವಾ? ಮೇಷ್ಟ್ರಿಗೆ ಜ್ವರ ಬಂತು ಅಂತ ಸಂಘಕ್ಕೆ ಬಂದ ಶೀಲ್ಡ್ ತರೋಕೆ ನನ್ನನ್ನ ಕಳಿಸಿದ್ರು. ಮನೆಗೂ ಹೇಳದೆ ಬಸ್ ಹತ್ತಿದ್ದೆ. ಹೋಗೋ ಮುಂಚೆ ನಿನ್ನ ಬಿಲ್ಲೆ ಹಾಕಿ ಹೋಗಿದ್ದೆ."

"ಹಾಕಿದ್ದೆ. ಹತ್ತು ಗಂಟೆಗೆ ನಾನು ಬಂದು ನೋಡ್ದೆ. ನಂಗೆ ಗಿರಣಿ ಗಡಿಯಾರ ರಿಪೇರಿ ಇತ್ತು. ನೀನು ಊರು ಬಿಟ್ಟಿದ್ದು ಗೊತ್ತಿಲ್ಲ. ಅಂಗಡೀಲೇ ಇರ್ತೀಯ ಅಂತ ತಿರುಗಿ ನಿನ್ನ ಬಿಲ್ಲೆ ಹಾಕಿ ಹೋದೆ."

ವ್ಯಾನು ಎಲ್ಲಿಗೂ ಹೋಗಿರಲಿಲ್ಲ, ಪುಟ್ಟಕ್ಕ. ಸೈಕಲ್ ಅಂಗಡಿಯ ಮುಂದೆ ನಿಂತೇ ಇತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ಒಂದು ಮಾತು ಕೇಳಿರಲಿಲ್ಲ, ಅಷ್ಟೇ. ಸಂಜೆ ನಾನು ಉತ್ತಮ ಸೇವೆಯ ಶೀಲ್ಡ್ ಹಿಡಿದು ಬಸ್ಸಿಳಿದಾಗ ಎಲ್ಲ ಮುಗಿದಿತ್ತು. ಮೇಷ್ಟ್ರು ಜ್ವರದಲ್ಲೇ ಎದ್ದು ಬಂದು, "ಇದು ಅವನಿಗೆ ಗೊತ್ತಾದ್ರೆ ಅವನು ಉಳಿಯಲ್ಲ" ಎಂದು ಹಾಳೆ ಬದಲಾಯಿಸಲು ಇವನಿಗೆ ಹೇಳಿದರಂತೆ. "ಇಷ್ಟು ವರ್ಷ ಈ ಗುಟ್ಟು ಕಾದೆ ಕಣೋ, ಚರಿತ್ರೆ ಬರೀತೀಯ ಅಂದಾಗ ಜೀವ ಹೋಯ್ತು" ಎಂದು ಅವನು ಅತ್ತ. ಕಳ್ಳನೆಂದು ಹಿಡಿಯಲು ಹೋದವನು ನಾನು. ಅವನ ಮುಂದೆ ಕೂತು ನಾನೂ ಅತ್ತೆ.

ಕತ್ತರಿಸಿದ ಮೂಲ ಹಾಳೆಯನ್ನು ಅವನು ಎಸೆದಿರಲಿಲ್ಲ. ಗಡಿಯಾರದ ಗಾಜುಗಳ ಡ್ರಾಯರಿನಿಂದ ತೆಗೆದುಕೊಟ್ಟ. ನಿನ್ನೆ ಅದನ್ನು ಅದರ ಜಾಗದಲ್ಲೇ ದಾರ ಹಾಕಿ ಹೊಲಿದೆ. ಚರಿತ್ರೆಯಲ್ಲೂ ಅದು ಇದ್ದ ಹಾಗೇ ಅಚ್ಚಾಗುತ್ತದೆ. ಅಧ್ಯಕ್ಷೆ ಒಪ್ಪಿದ್ದಾಳೆ, ಮಾಮನೂ ಒಪ್ಪಿದ್ದಾನೆ.

ಮಂಡಿಗೆ ಎಣ್ಣೆ ಹಚ್ಚುವುದು ಬಿಡಬೇಡ. ಅಳಿಯಂದಿರು ಭಾರ ಎತ್ತದಿರಲಿ. ನಿಮ್ಮ ಹೊಸ ಬಣ್ಣದ ಗೋಡೆಗಳ ನಡುವೆ ನಗು ತುಂಬಿರಲಿ, ನನ್ನ ಪಾಲಿನ ಆಯಸ್ಸೂ ನಿನಗೇ ಸೇರಲಿ.

ನಿನ್ನ
ಅಪ್ಪ

ಮರೆತದ್ದಲ್ಲ, ಬರೆಯಲು ಧೈರ್ಯವಾಗದೆ ಕೊನೆಗೆ ಉಳಿಸಿದ್ದು: ಆ ಹಾಳೆಯಲ್ಲಿ ಹೀಗಿದೆ. 'ಕರ್ತವ್ಯದಲ್ಲಿದ್ದವರು: ಬೈಂಡರ್. ವ್ಯಾನು ಕೇಳಿ ಬಂದವರು: ಅವರ ಮಗಳು, ಮೂರು ಸಲ. ತಂದೆಯ ಬಿಲ್ಲೆ ನೋಡಿ, ಈಗ ಬರುತ್ತಾರೆಂದು ಮೆಟ್ಟಿಲ ಮೇಲೆ ಕಾದಳೆಂದು ಸೈಕಲ್ ಅಂಗಡಿಯವರು ಹೇಳಿದರು.' ಆ ಸಂಜೆ ನೀನು, "ವ್ಯಾನ್ ಅಲ್ಲೇ ಇತ್ತು ಅಪ್ಪ, ನಿಮ್ಮ ಬಿಲ್ಲೇನೂ ಇತ್ತು" ಎಂದೆ. ನನ್ನ ಬಿಲ್ಲೆ ನಾನೇ ತೆಗೆದಿದ್ದೆನಲ್ಲ, ಹಾಗಾಗಿ ನೀನು ದಾರಿಯಲ್ಲಿ ಆಟಕ್ಕೆ ನಿಂತು ಈಗ ಸುಳ್ಳು ಹೇಳುತ್ತಿದ್ದೀಯೆಂದು ಎಲ್ಲರೆದುರು ಕೆನ್ನೆಗೆ ಹೊಡೆದೆ. ನಿನಗೆ ಹನ್ನೊಂದು ವರ್ಷ. ನೀನು ಮತ್ತೆಂದೂ ಆ ಮಾತು ಎತ್ತಲಿಲ್ಲ, ನಾನೂ ಒಳಗೊಳಗೇ ನಿನ್ನನ್ನು ನಂಬಲಿಲ್ಲ. ನೀನು ಏನೇ ಹೇಳಿದರೂ ಸಾಕ್ಷಿ ಸೇರಿಸುವುದು ಯಾವತ್ತಿನಿಂದ ಎಂದು ಈಗ ಲೆಕ್ಕ ಸಿಕ್ಕಿತು. ಕ್ಷಮಿಸು ಎನ್ನಲೂ ನಾಚಿಕೆಯಾಗುತ್ತದೆ. ಮುಂದಿನ ಕಾಗದದಲ್ಲಿ ಯಾರನ್ನೂ ಕೇಳಿ ಎಂದು ಬರೆಯಬೇಡ, ಮಗಳೇ. ನೀನು ಹೇಳಿದರೆ ಸಾಕು.