ಉತ್ತರಕ್ಕೆ ಬಿಟ್ಟ ಜಾಗ

ಮನೆ, ಹೊಲಿಗೆ ಕೋಣೆ
ಜನವರಿ ೧೧, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಮೊದಲು ಸೊಸೆ ಎಂದು ಬರೆದೆ. ಕಾಗದ ಕೋರ್ಟಿನಿಂದ ಬಂದ ಹಾಗೆ ಕಂಡಿತು, ಹರಿದು ಹೊಸ ಹಾಳೆ ತೆಗೆದುಕೊಂಡೆ. ಹೇಗಿದ್ದೀಯ? ಹಾಸ್ಟೆಲಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ ಎಂದಿದ್ದೆ, ಈಗಲಾದರೂ ಯಾರಾದರೂ ಬಂದು ನೋಡಿದರೋ? ಇಲ್ಲದಿದ್ದರೆ ಸಂದಿಗೆ ಬಟ್ಟೆ ತುರುಕು. ನಿನ್ನ ಪೆಟ್ಟಿಗೆಯ ತಳದಲ್ಲಿ ನಾನಿಟ್ಟ ದಪ್ಪ ಬಟ್ಟೆಯ ತುಂಡುಗಳು ಇರುವುದು ಇಂಥದ್ದಕ್ಕೇ. ಕೆಮ್ಮು ಹೋಯಿತೆ? ಫೋನಿನಲ್ಲಿ ಕೇಳಿದರೆ ಹೋಯಿತು ಎನ್ನುತ್ತೀಯ, ಎನ್ನುತ್ತಲೇ ಕೆಮ್ಮುತ್ತೀಯ.

ನಾವು ಚೆನ್ನಾಗಿದ್ದೇವೆ. ನಿನ್ನ ಗಂಡನಿಗೆ ಪಂಪ್‌ಹೌಸಿನಲ್ಲಿ ಈ ವಾರವೂ ಬೆಳಗಿನ ಪಾಳಿ. ಅಡುಗೆಯಲ್ಲಿ ಅವನ ಕೈ ಸ್ವಲ್ಪ ಪಳಗಿದೆ. ಉಪ್ಪಿನ ಅಂದಾಜು ಮಾತ್ರ ಇನ್ನೂ ಸಿಕ್ಕಿಲ್ಲ, ಹಾಗಾಗಿ ನಮ್ಮದು ಒಂದು ದಿನ ಸಮುದ್ರ, ಒಂದು ದಿನ ಕೆರೆ. ಮೆಟ್ಟಿಲು ಹತ್ತುವಾಗ ನನ್ನ ಮಂಡಿ ಮಾತಾಡುತ್ತದೆ, ಉಳಿದ ಹೊತ್ತು ಸುಮ್ಮನಿರುತ್ತದೆ. ನೀನು ಬಿಟ್ಟುಹೋದ ಅನುವಾದದ ದಪ್ಪ ಕಾದಂಬರಿಯಲ್ಲಿ ಅರ್ಧ ದಾಟಿದ್ದೇನೆ. ಒಬ್ಬೊಬ್ಬರಿಗೂ ಮೂರು ಮೂರು ಹೆಸರು. ಸತ್ತವನು ಯಾರೆಂದು ತಿಳಿಯಲು ಎರಡು ಅಧ್ಯಾಯ ಹಿಂದಕ್ಕೆ ಹೋಗಿ ಬರಬೇಕಾಯಿತು. ತಿಳಿದ ಮೇಲೆ, ಸ್ವಲ್ಪ ತಡವಾಗಿ, ದುಃಖವಾಯಿತು.

ಇನ್ನು ವಿಷಯಕ್ಕೆ ಬರುತ್ತೇನೆ. ಕಳೆದ ಭಾನುವಾರ ನೀನು ಫೋನಿನಲ್ಲಿ ನಿನ್ನ ಗಂಡನಿಗೆ ಹೇಳಿದ್ದು ನನಗೂ ಕೇಳಿಸಿತು. ಅವನು ಫೋನನ್ನು ಜೋರಾಗಿ ಇಟ್ಟಿದ್ದ, ಮಗಳು ಗುಬ್ಬಿಯೂ ಕೇಳಲಿ ಎಂದು. ಅವಳು ಅಷ್ಟು ಹೊತ್ತಿಗೆ ನನ್ನ ಹೊಲಿಗೆ ಮೇಜಿನ ಕೆಳಗೆ ಸೇರಿ ಚಿಂದಿ ಬಟ್ಟೆಯಲ್ಲಿ ಮುಖ ಹುದುಗಿಸಿದ್ದಳು. "ಸ್ವಂತ ಮಗಳೇ ಮಾತಾಡಲ್ಲ ಅಂದಮೇಲೆ ಊರಿನ ಮಕ್ಕಳಿಗೆಲ್ಲ ಪಾಠ ಮಾಡೋದು ಕಲಿತು ನಾನೇನು ಮಾಡಲಿ? ಈ ತಿಂಗಳ ಕೊನೆಗೆ ಕೋರ್ಸ್ ಬಿಟ್ಟು ಬಂದುಬಿಡ್ತೀನಿ" ಎಂದೆ ನೀನು. ಅವನು ಫೋನನ್ನೇ ನೋಡುತ್ತಾ ನಿಂತ. ಅವನ ಸ್ವಭಾವ ನಿನಗೆ ಗೊತ್ತು, ಪೈಪು ಒಡೆದರೂ ಮೊದಲು ಸುಮ್ಮನೆ ನಿಂತು ನೋಡುವವನು. ಆರು ವರ್ಷದ ಮಗು ಅಮ್ಮನ ಫೋನು ಎಂದರೆ ಅಡಗಿ ಕೂತರೆ ಯಾವ ತಾಯಿಗೆ ಓಡಿ ಬರಬೇಕು ಎನಿಸುವುದಿಲ್ಲ? ಆದರೆ ಈ ವಾರ ಶಾಲೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಓದಿದ ಮೇಲೆ ನಿರ್ಧಾರ ಮಾಡು.

ನೀನು ಟೀಚರ್ ತರಬೇತಿಗೆ ಹೊರಡುವ ಮುಂಚೆ ರಜೆ ಪೂರ್ತಿ ಇದೇ ಮೇಜಿನ ಮೇಲೆ ವರ್ಷದ ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿದೆಯಲ್ಲ, ಆ ದಿನಗಳು ನನಗೆ ಆಗಾಗ ನೆನಪಾಗುತ್ತವೆ. ಕತ್ತರಿ, ಟೇಪು ಎಲ್ಲ ಬದಿಗೆ ಸರಿಸಿ, ನೂಲಿನ ಡಬ್ಬಗಳ ಮೇಲೆ ಟ್ಯಾಬ್ಲೆಟ್ ಒರಗಿಸಿ, ಎದುರಿಗೆ ನನ್ನನ್ನು ಒಂದನೇ ಕ್ಲಾಸಿನ ಮಗುವಾಗಿ ಕೂರಿಸಿದೆ. "ಮಾವ, ನೀವು ತಲೆ ಆಡಿಸಿದ ಮೇಲೇ ನಾನು ಮುಂದಕ್ಕೆ ಹೋಗೋದು" ಎಂದೆ. ಬಟ್ಟೆಯ ಅಳತೆ ಬಿಟ್ಟರೆ ಬೇರೆ ಲೆಕ್ಕ ನನಗೆ ನಿಧಾನ. ನೀನು ಕೇಳುತ್ತಿದ್ದೆ, ನಾನು ಬೆರಳು ಮಡಚುತ್ತಿದ್ದೆ, ನೀನು ಕಾಯುತ್ತಿದ್ದೆ. ಆ ಪಾಠದಲ್ಲಿ ಎಲ್ಲೆಲ್ಲಿ ಮೌನವಿದೆಯೋ ಅದೆಲ್ಲ ನನ್ನ ಮಂದಬುದ್ಧಿಯ ಉದ್ದ. ಒಮ್ಮೆ ನಾನು ಮರೆತು "ನನ್ನ ಕನ್ನಡಕ ಎಲ್ಲಮ್ಮಾ?" ಎಂದು ಕೇಳಿಬಿಟ್ಟೆ. ಅದೂ ರೆಕಾರ್ಡ್ ಆಯಿತು, ನೀನು ನಕ್ಕು, ತಲೆ ಮುಟ್ಟಿ ತೋರಿಸಿ, ಹಾಗೇ ಬಿಟ್ಟೆ. ಈಗ ಆ ಪಾಠ ಬಂದಾಗಲೆಲ್ಲ ಕ್ಲಾಸು ಒಟ್ಟಿಗೆ ಕೂಗುತ್ತದೆ: "ತಲೆ ಮೇಲಿದೆ, ತಾತ!" ನಾನು ರಸ್ತೆಯಲ್ಲಿ ಹೋಗುವಾಗಲೂ ಕೂಗುತ್ತಾರೆ. ಕೈ ತಾನಾಗಿ ತಲೆಗೆ ಹೋಗುತ್ತದೆ.

ಹಿಂದೆ ಒಬ್ಬ ಟೀಚರ್ ಹೆರಿಗೆಗೆ ಹೋದಾಗ ಬದಲಿಗೆ ಯಾರೂ ಬರದೆ ಆ ಕ್ಲಾಸು ಮುಚ್ಚಿಹೋಯಿತು, ಮಕ್ಕಳು ದಿಕ್ಕಿಗೊಬ್ಬರಾದರು, ಕೆಲವರು ಮತ್ತೆ ಯಾವ ಶಾಲೆಗೂ ಹೋಗಲೇ ಇಲ್ಲ. ನೀನು ಹೋದರೂ ನಿನ್ನ ಕ್ಲಾಸು ನಿಲ್ಲಬಾರದೆಂದು ಇಷ್ಟೆಲ್ಲ ಮಾಡಿದೆ. ನಿಂತಿಲ್ಲ. ಬೇರೆ ಶಾಲೆಗಳು ಎಸೆಯಲು ಇಟ್ಟಿದ್ದ ಆ ಮೂಲೆ ಒಡೆದ ಟ್ಯಾಬ್ಲೆಟ್‌ಗಳು ಹೊಸ ಬ್ಯಾಟರಿ ಹಾಕಿಸಿಕೊಂಡು ಇನ್ನೂ ದುಡಿಯುತ್ತಿವೆ. ಇಂಟರ್‌ನೆಟ್ ಇದ್ದರೂ ಬಿಟ್ಟರೂ ಬೀರುವಿನಲ್ಲಿ ಪಾಠಗಳನ್ನೆಲ್ಲ ತುಂಬಿಟ್ಟ ಪುಟ್ಟ ಪೆಟ್ಟಿಗೆಯಿಂದ ಅವಕ್ಕೆ ಪಾಠ ಬರುತ್ತದೆ. ಶಾಲೆಯ ಆಯಾ ಪ್ರತಿ ಬೆಳಿಗ್ಗೆ ಮಾಳಿಗೆ ಹತ್ತಿ ಸೋಲಾರ್ ಪ್ಯಾನೆಲ್ ಒರೆಸುತ್ತಾಳೆ, ಹಸುವಿನ ಮೈ ತೊಳೆಯುವಾಗ ಮಾತಾಡಿಸುವ ಹಾಗೆ ಅದನ್ನೂ ಮಾತಾಡಿಸುತ್ತಾಳೆ. ಪಕ್ಕದ ಕೋಣೆಯಿಂದ ದೊಡ್ಡ ಟೀಚರ್ ಆಗಾಗ ಬಂದು ಸ್ಲೇಟು ನೋಡಿ ಹೋಗುತ್ತಾರೆ.

ಕಳೆದ ತಿಂಗಳ ಕೊನೆಯಲ್ಲಿ ಬಿಡದೆ ಮೋಡ ಕವಿದಿತ್ತು. ಮಧ್ಯಾಹ್ನದ ಪಾಠದ ನಡುವೆ ಟ್ಯಾಬ್ಲೆಟ್‌ಗಳು ಒಂದೊಂದಾಗಿ ಕಣ್ಣು ಮುಚ್ಚತೊಡಗಿದವು. ಟೆಕ್ನಿಷಿಯನ್ ಹುಡುಗನನ್ನು ಕರೆಸಿದರು, ಗುಬ್ಬಿಯನ್ನು ಕರೆತರಲು ಹೋದ ನಾನೂ ಅಲ್ಲಿದ್ದೆ. ಒಳ್ಳೆಯವನು, ಕರೆದರೆ ಬರುತ್ತಾನೆ, ಅದೇ ದೊಡ್ಡದು. ಕಂಪ್ಯೂಟರಿನಲ್ಲಿ ಪಾಠಗಳನ್ನು ನೋಡಿ, "ತಾತ, ಇದರಲ್ಲಿ ಮೂರನೇ ಒಂದು ಭಾಗ ಬರೀ ಖಾಲಿ. ಯಾರೂ ಮಾತಾಡ್ತಾನೇ ಇಲ್ಲ. ಅದನ್ನ ಕತ್ತರಿಸಿದ್ರೆ ಬ್ಯಾಟರಿ ಸಂಜೆತನಕ ಬರುತ್ತೆ" ಎಂದ. ದೊಡ್ಡ ಟೀಚರಿಗೆ ಸರಿಯೆನಿಸಿತು. ನನಗೂ ಸರಿಯೆನಿಸಿತು, ತಲೆಯಾಡಿಸಿದೆ. ಕಳೆದ ಸೋಮವಾರ ಎಲ್ಲ ಪಾಠಗಳೂ ಸಂಜೆಯ ಗಂಟೆಗೆ ಬಹಳ ಮುಂಚೆಯೇ ಮುಗಿದವು. ನಾವೆಲ್ಲ ಬಹಳ ಖುಷಿಪಟ್ಟೆವು.

ಗುರುವಾರ ಶಾಲೆಯ ಕಿಟಕಿಗೆ ಪರದೆ ಹೊಲಿದು ತೆಗೆದುಕೊಂಡು ಹೋದೆ, ಪರದೆ ಕಟ್ಟುತ್ತಾ ಪಾಠ ಕೇಳಿದೆ. "ಏಳು ಹಣ್ಣಲ್ಲಿ ಮೂರು ತಿಂದರೆ ಎಷ್ಟು ಉಳಿಯಿತು? ನಾಲ್ಕು. ತುಂಬಾ ಚೆನ್ನಾಗಿ ಹೇಳಿದಿರಿ!" ಯಾರೂ ಏನೂ ಹೇಳಿರಲಿಲ್ಲ. ಮಕ್ಕಳ ಬಾಯಿ ಅರ್ಧ ತೆರೆದಿತ್ತು, ಅಷ್ಟರಲ್ಲಿ ನೀನು ಹಣ್ಣಿನಿಂದ ಪೆನ್ಸಿಲಿಗೆ ಹೋಗಿಬಿಟ್ಟಿದ್ದೆ. ಮುಂದಿನ ಸಾಲಿನ ತುಂಟ ಆಯಾಳನ್ನು ಕೇಳಿದ, "ಟೀಚರಿಗೆ ಬಸ್ಸು ಹೊರಟುಹೋಗುತ್ತಾ?" ನನ್ನ ಕನ್ನಡಕದ ಪ್ರಶ್ನೆಯೂ ಬಂತು, ಹೋಯಿತು. ಯಾರೂ ಕೂಗಲಿಲ್ಲ. ಅದು ಎಲ್ಲಿದೆ ಎಂದು ಹೇಳಲು ಯಾರಿಗೂ ಸಮಯವಿರಲಿಲ್ಲ. ಗುಬ್ಬಿ ಎರಡು ಕೈಯನ್ನೂ ತೊಡೆಯ ಮೇಲಿಟ್ಟು, ಬಾಗಿಲು ತೆಗೆಯದ ಅಂಗಡಿಯ ಮುಂದೆ ನಿಂತವಳ ಹಾಗೆ ಟ್ಯಾಬ್ಲೆಟ್ ನೋಡುತ್ತಾ ಕೂತಿದ್ದಳು.

ಮನೆಗೆ ಬರುವಾಗ, ಯಾಕಮ್ಮ ಇವತ್ತು ಒಂದಕ್ಕೂ ಉತ್ತರ ಹೇಳಲಿಲ್ಲ ಎಂದು ಕೇಳಿದೆ. "ಅಮ್ಮ ಕೇಳ್ತಾಳೆ, ಆದ್ರೆ ನಿಲ್ಲಲ್ಲ ತಾತ" ಎಂದಳು. ಅಷ್ಟು ಹೇಳಿ ಕಲ್ಲು ಒದೆಯುತ್ತಾ ಮುಂದೆ ಹೋದಳು.

ಅಂದು ಸಂಜೆ ಅವಳದೇ ಫ್ರಾಕಿನ ಹೊಲಿಗೆ ಬಿಚ್ಚುತ್ತಾ ಕೂತಿದ್ದೆ. ಹೋದ ವರ್ಷ ಹೊಲಿದದ್ದು, ಈಗ ಮಂಡಿಯ ಮೇಲಕ್ಕೆ ಬಂದಿದೆ. ಮಕ್ಕಳ ಬಟ್ಟೆ ಹೊಲಿಯುವಾಗ ಒಳಗೆ ಒಂದಿಷ್ಟು ಮಾರ್ಜಿನ್ ಬಟ್ಟೆ ಮಡಚಿ ಬಿಡುತ್ತೇವೆ. ಹೊರಗಿನಿಂದ ನೋಡಿದವರಿಗೆ ಅದು ಕಾಣುವುದೇ ಇಲ್ಲ, ಕಂಡರೂ ದಂಡ ಎನಿಸುತ್ತದೆ. ಮಗು ಬೆಳೆದ ಹಾಗೆ ಅದನ್ನು ಬಿಚ್ಚಿ ಬಿಡುತ್ತಾ ಹೋದರೆ ಒಂದೇ ಫ್ರಾಕು ಮೂರು ವರ್ಷ ಬರುತ್ತದೆ. ಜೀವಮಾನವೆಲ್ಲ ಇದೇ ಕೆಲಸ ಮಾಡಿದವನು ಪಾಠದ ಮಾರ್ಜಿನ್ ಕತ್ತರಿಸಿ ಎಂದು ತಲೆಯಾಡಿಸಿ ಬಂದಿದ್ದೆನಲ್ಲ ಎಂದು ನಗು ಬಂತು. ನಗು ಪೂರ್ತಿ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆಯೇ ಹೋಗಿ ದೊಡ್ಡ ಟೀಚರಿಗೆ ಹೇಳಿದೆ. ಅವರಿಗೂ ಏನೋ ತಪ್ಪಿದೆ ಎಂದು ಅನಿಸಿತ್ತಂತೆ, ಏನೆಂದು ಸಿಕ್ಕಿರಲಿಲ್ಲ. ಹುಡುಗ ಬಂದು, "ಖಾಲಿ ಅಂದ್ಕೊಂಡೆ ತಾತ, ಅದು ಮಕ್ಕಳ ಜಾಗ ಅಂತ ಗೊತ್ತಾಗಲಿಲ್ಲ" ಎಂದು ಕಿವಿ ಕೆರೆದುಕೊಂಡ. ಹಳೆಯ ಪ್ರತಿಯನ್ನು ಅವನು ಜೋಪಾನವಾಗಿ ಇಟ್ಟಿದ್ದ, ಪುಣ್ಯಾತ್ಮ. ಎಲ್ಲವನ್ನೂ ಮೊದಲಿನಂತೆ ಮಾಡಿಕೊಟ್ಟ. ಬ್ಯಾಟರಿಯ ಕಷ್ಟಕ್ಕೆ ಆಯಾ ದಾರಿ ಹೇಳಿದಳು: "ಮೂರು ಮಕ್ಕಳಿಗೆ ಒಂದು ಟ್ಯಾಬ್ಲೆಟ್ ಸಾಕು, ಮಿಕ್ಕಿದ್ದು ಮಲಗಲಿ." ಈಗ ಬೆಳಿಗ್ಗೆ ಅರ್ಧ ಟ್ಯಾಬ್ಲೆಟ್‌ಗಳು ದುಡಿಯುತ್ತವೆ, ಮಧ್ಯಾಹ್ನ ಇನ್ನರ್ಧ. ಮೋಡವಿದ್ದರೂ ಸಂಜೆತನಕ ಬರುತ್ತದೆ. ಮೂವರು ಒಂದರ ಮುಂದೆ ಕೂತರೆ ಒಬ್ಬರೊಡನೊಬ್ಬರು ಉತ್ತರಕ್ಕಾಗಿ ಜಗಳವಾಡುತ್ತಾರೆ, ಆ ಜಗಳಕ್ಕೂ ನಿನ್ನ ಮೌನದಲ್ಲಿ ಜಾಗವಿದೆ. ಶುಕ್ರವಾರ ಮಧ್ಯಾಹ್ನ ಬೀದಿಯ ತುದಿಯಲ್ಲಿದ್ದರೂ ಕೇಳಿಸಿತು, "ತಲೆ ಮೇಲಿದೆ, ತಾತ!" ಎಂದು. ಅದರಲ್ಲಿ ಒಂದು ದನಿ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ಬಂತು. ನಮ್ಮ ಗುಬ್ಬಿಯದು. ನನ್ನ ಮೊಮ್ಮಗಳು ತಾನೆ, ನಿಧಾನ.

ಬಾ ಎಂದೂ ಹೇಳಲಾರೆ, ಬರಬೇಡ ಎಂದೂ ಹೇಳಲಾರೆ. ಬಾಗಿಲು ನಿನ್ನದು. ಆದರೆ ಅಲ್ಲಿ ಪಾಠ ಮಾಡುವವರೆಲ್ಲ ಈ ಖಾಲಿ ಜಾಗವನ್ನು ಕತ್ತರಿಸಲು ಕಲಿಯುತ್ತಿದ್ದರೆ, ಬೇಡ ಎನ್ನಲು ಒಬ್ಬರಾದರೂ ಅಲ್ಲಿರಲಿ ಎಂದು ನನ್ನ ಆಸೆ. ಬಿಸಿನೀರು ಕುಡಿ. ಕಣ್ಣು ನೋಯಿಸಿಕೊಂಡು ಓದಬೇಡ. ನೀನು ಎಲ್ಲಿದ್ದರೂ ಈ ಮನೆಯ ದೀಪ ನಿನ್ನ ಹೆಸರಿನದೇ.

ನಿನ್ನ ನಿಧಾನದ ವಿದ್ಯಾರ್ಥಿ,
ಮಾವ

ಇನ್ನೊಂದು ಮಾತು: ಗುಬ್ಬಿಯ ಮಾತನ್ನು ಮೇಲೆ ಅರ್ಧವೇ ಬರೆದಿದ್ದೇನೆ, ಬರೆಯಲೋ ಬೇಡವೋ ಎಂದು. ಅವಳು ಪೂರ್ತಿ ಹೇಳಿದ್ದು ಹೀಗೆ: "ಅಮ್ಮ ಕೇಳ್ತಾಳೆ, ಆದ್ರೆ ನಿಲ್ಲಲ್ಲ ತಾತ. ಇಲ್ಲೂ ಫೋನಿನ ಥರಾನೇ ಆಗಿಬಿಟ್ಳು." ಬೇಸರ ಮಾಡಿಕೊಳ್ಳಬೇಡ ಮಗಳೇ. ಊಟ ಆಯ್ತಾ, ಹಲ್ಲುಜ್ಜಿದೆಯಾ, ಅಪ್ಪನ ಮಾತು ಕೇಳ್ತೀಯಾ, ಅಮ್ಮ ನೆನಪಾಗ್ತಾಳಾ ಎಂದು ನೀನು ಒಂದೇ ಉಸಿರಿಗೆ ಕೇಳುವುದು ಪ್ರೀತಿಯ ಅವಸರ, ನನಗೆ ಗೊತ್ತು. ಅವಳು ಮೊದಲನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ನಾಲ್ಕನೆಯದು ಬಂದಿರುತ್ತದೆ. ಮುಂದಿನ ಭಾನುವಾರ ಒಂದೇ ಒಂದು ಪ್ರಶ್ನೆ ಕೇಳು, ಕೇಳಿ ಸುಮ್ಮನಿರು. ಲೈನು ಕಟ್ಟಾಯಿತೇನೋ ಎನಿಸಬಹುದು, ಆದರೂ ಸುಮ್ಮನಿರು. ಎದುರಿಗೆ ನಾನು ಬೆರಳು ಮಡಚುತ್ತಾ ಕೂತಿದ್ದೇನೆ, ಇನ್ನೂ ತಲೆಯಾಡಿಸಿಲ್ಲ ಎಂದುಕೋ.