ಬಣ್ಣದ ಕೆಳಗಿನ ಮುಖ

ದಿಲ್ಲಿ, ೧೯೭೬

ಜಲಜಾ,

ಫ್ರಾನ್ಸಿನವರಿಗೆ ಚಿತ್ರ ಬಿಡಿಸಲು ಕಲಿಸಿದವನೇ ನಾನು, ನಗಬೇಡ. ಇವತ್ತು ತಂಗಿಯ ಮಗಳು ಉಮಾವತಿ ನನ್ನನ್ನು ಆ ಫ್ರಾನ್ಸಿನವರ ಹಳೇ ಚಿತ್ರಗಳ ಪ್ರದರ್ಶನಕ್ಕೆ ಕರೆದೊಯ್ದಳು. ಮೊದಲ ಕೋಣೆಯ ತುಂಬ ಹಾಲುಬಣ್ಣದ ದೇವತೆಗಳು.

“ಚಲೋ ಮಾವಾ, ಆಮೇಲಿನ ಚಿತ್ರಕಾರರು ಜನರನ್ನು ಇದ್ದ ಹಾಗೇ ಬಿಡಿಸಿದರು,” ಅಂತ ಮುಂದಿನ ಕೋಣೆಗೆ ಎಳೆದಳು. ಅಲ್ಲಿ ಒಂದು ಚಿತ್ರದೊಳಗೆ ಒಬ್ಬಳು ಬಟ್ಟೆ ಒಗೆಯುತ್ತಿದ್ದಳು. ಬಿಸಿಲಿಗೆ ಕಪ್ಪಾದ ಕೆನ್ನೆ, ಒಡೆದ ಹಿಮ್ಮಡಿ, ಥೇಟ್ ನೀನೇ.

ನೀನು ತೀರಿಹೋದ ಮೇಲೆ, ಇದ್ದ ನಿನ್ನ ಒಂದೇ ಫೋಟೋವನ್ನು ಪೇಂಟರನಿಗೆ ಕೊಟ್ಟು, “ಲಕ್ಷ್ಮಿಯ ಹಾಗೆ ಮಾಡು ಭಯ್ಯಾ” ಅಂದಿದ್ದೆ. ಅವನು ಅದರ ಮೇಲೆಯೇ ಬಣ್ಣ ಬಳಿದು ಕಿರೀಟವಿಟ್ಟ. ಅದನ್ನು ನಮ್ಮ ಹೋಟೆಲಿನ ಗೋಡೆಗೆ ಹಾಕಿದ್ದೇನೆ, ಬಂದವರೆಲ್ಲ ಕೈಮುಗಿಯುತ್ತಾರೆ. ನಾನು ಅದರಲ್ಲಿ ನಿನ್ನನ್ನು ಹುಡುಕುತ್ತೇನೆ.

ಪೇಂಟರ ನನ್ನ ಮೇಲಿನ ಗೌರವಕ್ಕೆ ಬಿಟ್ಟಿ ಮಾಡಿಕೊಟ್ಟ ಅಂತ ಎಲ್ಲರಿಗೂ ಹೇಳಿದ್ದೇನೆ. ನಿನ್ನಾಣೆ, ನಿನ್ನ ಮುಖ ಅಳಿಸಲು ನಾನು ಕೊಟ್ಟದ್ದು ಮುನ್ನೂರ ಹತ್ತು ರೂಪಾಯಿ.