ಕೋವಿಯಿಲ್ಲದ ಹಡಗು

ಜನವರಿ 8, ಸೋಮವಾರ

ಬೆಳಿಗ್ಗೆ ಅಟ್ಟದ ಕಾಯೊಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ. ಇನ್ನೂ ನೀರಿನ ಸದ್ದು. ಪೂರ್ತಿ ಒಣಗಿದರೆ ಒಳಗೆ ಕೊಬ್ಬರಿ ಗಟ್ಟಿಯಾಗಿ ಬಡಿಯುತ್ತದೆ. ಇವನ್ನು ಅಟ್ಟಕ್ಕೆ ಹಾಕಿದ ವಾರವೇ ಸಿದ್ದಾರ್ಥ್ ಕೆಲಸಕ್ಕೆ ಹಡಗು ಹತ್ತಿದ್ದು, ನಮ್ಮ ನಿಶ್ಚಿತಾರ್ಥ ಮುಗಿಸಿ. ಕೊಬ್ಬರಿ ಸುಲಿಯೋ ಹೊತ್ತಿಗೆ ಬರ್ತೀನಿ ಅಂದಿದ್ದ. ದಿನಾ ಅಲ್ಲಾಡಿಸುತ್ತೇನೆ... ಯಾರೂ ನೋಡದಾಗ.

ಟಿವಿಯಲ್ಲಿ ಕಡಲ್ಗಳ್ಳರ ಸುದ್ದಿ. ಅವನ ಹಡಗಿನದೂ ಅದೇ ದಾರಿ. ಅಪ್ಪ ಗೋಡೆಯ ಕೋವಿ ತೋರಿಸಿದರು. "ತೆಂಗಿನಕಾಯಿ ಕಾಯಕ್ಕೇ ಇದು ಬೇಕು. ಅಷ್ಟು ದೊಡ್ಡ ಹಡಗಲ್ಲಿ ಒಂದೂ ಇಲ್ವಂತಲ್ಲ ಕಣೇ. ಇಳಿದು ಬಾ ಅನ್ನು ಅವನಿಗೆ. ಬರಲ್ಲ ಅಂದ್ರೆ ಈ ಸಂಬಂಧ ಬ್ಯಾಡ ಬುಡು."

ಜನವರಿ 11

ಸಿದ್ದಾರ್ಥ್ ಫೋನ್ ಬಂತು. ಮುಂದಿನ ಪೋರ್ಟಲ್ಲಿ ಬೇಕಾದವರು ಇಳಿಯಬಹುದಂತೆ. ಕೋವಿಯ ಕಾವಲುಗಾರರನ್ನು ಹತ್ತಿಸಿಕೊಳ್ಳಬೇಕಾ ಅಂತಲೂ ಕ್ಯಾಪ್ಟನ್ ಎಲ್ಲರನ್ನೂ ಕೇಳುತ್ತಿದ್ದಾರಂತೆ.

"ನೀನೇನಂತೀಯ ಪವಿತ್ರಾ?"

"ಹತ್ತಿಸ್ಕೊಳ್ಳಿ."

"ಧೈರ್ಯ ಬರುತ್ತೆ, ನಿಜ. ಆದ್ರೆ ದೂರದಿಂದ ಮೀನುಗಾರರ ದೋಣಿನೂ ಕಳ್ಳರ ದೋಣಿನೂ ಒಂದೇ ಥರ ಕಾಣ್ತವೆ ಕಣೇ. ಗಟ್ಟಿ ಬಾಗಿಲಿನ ರೂಮಿದೆ. ಕಳ್ಳರು ಹತ್ತಿದ್ರೆ ಒಳಗೆ ಸೇರ್ಕೊಂಡು ನೇವಿಗೆ ಕಾಯ್ತೀವಿ."

ಇಳಿದರೆ ಹಡಗಿನ ದಿನಗಳು ಸಾಲದೆ ಅವನು ಮುಂದಿನ ಬಡ್ತಿ ಪರೀಕ್ಷೆಗೆ ಕೂರುವಂತಿಲ್ಲ. ಆದರೂ ಬಂದುಬಿಡಿ ಅನ್ನಬೇಕೆನಿಸಿತು. ಬಾಯಿಗೆ ಬಂದಿದ್ದು, "ಊಟ ಆಯ್ತಾ?" ಅಷ್ಟೇ. ಲೈನ್ ಹೋಯ್ತು.

ಜನವರಿ 17

ಮುಂಜಾನೆ, ಮಂಜು. ತೋಟದಲ್ಲಿ ಏನೋ ಸರಸರ ಎಳೆದ ಸದ್ದು. ಕಳ್ಳರೇ ಅಂತ ಅಪ್ಪ ಗುಂಡು ಹಾರಿಸಿಬಿಟ್ಟರು.

ಪಕ್ಕದ ಮನೆಯ ಹುಚ್ಚಕ್ಕ! ಒಲೆಗೆ ಗರಿ ಎಳೆದುಕೊಂಡು ಹೋಗಲು ಬಂದಿದ್ದಳು. ಬಿದ್ದ ಗರಿಯನ್ನು ಯಾರು ಬೇಕಾದರೂ ಒಯ್ಯಬಹುದು, ನಮ್ಮ ಕಡೆ ಯಾರೂ ಕೇಳುವುದಿಲ್ಲ. ಅದು ಅಪ್ಪನಿಗೆ ಗೊತ್ತಿಲ್ಲವೇ... ಕೋವಿ ಕೈಯಲ್ಲಿತ್ತು, ಅಷ್ಟೇ. ಚರೆಯೆಲ್ಲ ಮರಕ್ಕೆ ಬಡಿದಿದೆ. ಅವಳ ತಲೆಗಿಂತ ಗೇಣು ಮೇಲೆ.

"ಏನ್ ರಂಗಣ್ಣ, ಗರಿಗೂ ಗುಂಡಾ? ಬ್ಯಾಡ ಅಂದಿದ್ರೆ ಹೋಗ್ತಿದ್ನಲ್ಲಪ್ಪ." ನಕ್ಕಳು. ಗರಿ ಅಲ್ಲೇ ಬಿಟ್ಟು ಹೋದಳು.

ಅಪ್ಪ ಜಗುಲಿಯಲ್ಲಿ ಕೂತವರು ಕಾಫಿ ಮುಟ್ಟಲಿಲ್ಲ.

ಜನವರಿ 18

ಅವನ ಮೆಸೇಜ್: "ನಾಳೆ ಪೋರ್ಟ್. ಇಳೀಲಾ?"

ಗೋಡೆಯ ಮೊಳೆ ಖಾಲಿ. ಅಪ್ಪ ಕೋವಿ ಎಲ್ಲಿಟ್ಟರೋ, ಕೇಳಲಿಲ್ಲ.

ಇಳಿದರೆ ವಾರದಲ್ಲಿ ಇಲ್ಲಿರುತ್ತಾನೆ. ಬಾಗಿಲಲ್ಲಿ ಬ್ಯಾಗ್ ಇಳಿಸುವುದು, ನೀರು ಕೇಳುವುದು... ಎಲ್ಲ ಕಣ್ಣಿಗೆ ಕಟ್ಟಿತು. ಹುಚ್ಚಕ್ಕನ ವಿಷಯ ಬರೆದೆ. "ಕಾವಲಿಗೆ ಕೋವಿ ಬೇಡ ಅನ್ನಿ. ನನಗೋಸ್ಕರ ಇಳಿಯಬೇಡಿ. ಕಾಯ್ತೀನಿ" ಅಂತ ಕಳಿಸಿದೆ.

ಭಯ ಹೋಗಿಲ್ಲ. ಉಂಗುರ ಬೆರಳಲ್ಲೇ ಇದೆ, ತೆಗೆಯಲ್ಲ. ಅಪ್ಪ ಜಗುಲಿಯಲ್ಲಿದ್ದಾರೆ. ಇಳೀಬೇಡಿ ಅಂದೆ, ಈ ಸಂಬಂಧ ಬಿಡಲ್ಲ ಅಂತ ಈಗಲೇ ಹೋಗಿ ಹೇಳಿಬಿಡ್ತೀನಿ, ಕಾಫಿ ಲೋಟ ಹಿಡ್ಕೊಂಡು—